ಊಟದ ಮನೆಯ ಕ್ಯಾಲೆಂಡರು

ಅರೇಹಳ್ಳಿ
12 ಜೂನ್ 2025

ಮುದ್ದು ಗಾನವಿಗೆ,

ನಿಮ್ಮ ಹಾಸ್ಟೆಲಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಕೊಡುವ ಹತ್ತು ನಿಮಿಷವನ್ನು ನಿಮ್ಮಮ್ಮ ಪ್ರತಿಮಾ ಒಬ್ಬಳೇ ನುಂಗಿಹಾಕುತ್ತಾಳೆ. ಹಾಗಾಗಿ ನಿನ್ನ ಅತ್ತೆ ಇಪ್ಪತ್ತು ವರ್ಷದ ಮೇಲೆ ಕಾಗದ ಬರೆಯಲು ಕೂತಿದ್ದಾಳೆ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದ್ದಕ್ಕೆ ಅಲ್ಲಿನ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಏಪ್ರಿಲಿನಲ್ಲಿ ಡಾಕ್ಟರು ಹೇಳಿದ್ದು ಮರೆತಿಲ್ಲ ತಾನೆ? ರಕ್ತ ಒಂಬತ್ತೂವರೆ. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಐವತ್ತು ದಿನಕ್ಕೆ. ಇನ್ನೂ ಕಾಯಿಲೆ ಅಂತ ಹೆಸರಿಡುವ ಹಂತಕ್ಕೆ ಬಂದಿಲ್ಲ, ಆದರೆ ಅಸಡ್ಡೆ ಮಾಡಿದರೆ ಬರುತ್ತೆ ಅಂದರು. ಬೆಳಿಗ್ಗೆ ತಿಂಡಿ ಬಿಡಬೇಡ. ಮುದ್ದೆ, ಸೊಪ್ಪು, ಹುರುಳಿಕಾಳು ಬೇಡ ಅನ್ನಬೇಡ. ಏಳು ಗಂಟೆ ನಿದ್ದೆ, ಅರ್ಧ ಗಂಟೆ ನಡಿಗೆ, ಕಬ್ಬಿಣದ ಮಾತ್ರೆ. ಆರು ತಿಂಗಳು ಇಷ್ಟು ಮಾಡಿದರೆ ತಾನಾಗಿ ಹದಕ್ಕೆ ಬರುತ್ತೆ. ಬರದಿದ್ದರೆ ನಿಮ್ಮಪ್ಪ ಚನ್ನೇಶ ನಿನ್ನನ್ನು ಅರಸೀಕೆರೆಗೆ ಎತ್ತಿಕೊಂಡು ಹೋಗುತ್ತಾನೆ, ಅವನಿಗೆ ಅಷ್ಟು ನೆಪ ಸಾಕು. "ಜವಾಬ್ದಾರಿ ನಂದು ಕಣೋ" ಅಂತ ನಾನು ತಮ್ಮನ ಎದುರು ಎದೆ ತಟ್ಟಿಕೊಂಡಿದ್ದಕ್ಕೇ ನೀನು ಸೆಕೆಂಡ್ ಪಿಯುಗೆ ಹಳೇಬೀಡಿನಲ್ಲೇ ಉಳಿದಿರುವುದು.

ಹಾಸ್ಟೆಲು ತೆರೆದ ದಿನವೇ ನಿಮ್ಮ ವಾರ್ಡನ್ ಕಮಲಾಕ್ಷಮ್ಮನವರ ಕೈಗೆ ಒಂದು ಕಟ್ಟು ಕೊಟ್ಟು ಬಂದಿದ್ದೇನೆ. ನಿಮ್ಮಪ್ಪನ ಕೊಬ್ಬರಿ ಮಂಡಿಯಲ್ಲಿ ಮಿಕ್ಕಿದ್ದ ಕ್ಯಾಲೆಂಡರುಗಳು, ನಲವತ್ತೆರಡು, ಹುಡುಗಿಗೊಂದು. ಟ್ರಂಕಿನ ಒಳಮುಚ್ಚಳಕ್ಕೆ ಅಂಟಿಸಿಕೊಂಡು, ಮುಟ್ಟಾದ ದಿನಕ್ಕೆ ಕೆಂಪು ಸುತ್ತು ಹಾಕಿ. ದಿನ ಬರೆದಿಟ್ಟುಕೊಂಡರೆ ಅರ್ಧ ತೊಂದರೆ ಮೊದಲೇ ಕಾಣುತ್ತೆ. ಇಲ್ಲಿ ಆಸ್ಪತ್ರೆಯ ನರ್ಸ್ ಕೆಲಸದ ಮಧ್ಯೆ ಊರೂರಿನ ಶಾಲೆಗೂ ಹೋಗಿ ಇದನ್ನೇ ಒದರುತ್ತೇನೆ. ಬೇರೆಯವರ ಮಕ್ಕಳೇ ಕೇಳುತ್ತಾರೆ, ನೀನೂ ಕೇಳು.

ನಿನ್ನ ಅತ್ತೆ,
ದ್ರಾಕ್ಷಾಯಣಿ


ಹಳೇಬೀಡು
21 ಜೂನ್ 2025

ಅತ್ತೆಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ತಾವು ಕಳಿಸಿದ ಕ್ಯಾಲೆಂಡರ್ ತುಂಬ ಉಪಯೋಗವಾಗುತ್ತಿದೆ. ಮೇಡಂ ಅದನ್ನು ಬಹಳ ಶಿಸ್ತಿನಿಂದ ನೋಡಿಕೊಳ್ಳುತ್ತಿದ್ದಾರೆ. ಊಟ, ತಿಂಡಿ ಚೆನ್ನಾಗಿದೆ. ಪ್ರಾರ್ಥನೆ ಬೆಳಿಗ್ಗೆ ಆರಕ್ಕೆ.

ಬಯಾಲಜಿಯಲ್ಲಿ ಹಾರ್ಮೋನಿನ ಪಾಠ ನಡೆಯುತ್ತಿದೆ. ಒಂದು ಸಂದೇಹ. ದೇಹದಲ್ಲೇ ಆಗುವ ಹಾರ್ಮೋನನ್ನು ಹೊರಗಿನಿಂದ ತಿಂಗಳುಗಟ್ಟಲೆ ಕೊಟ್ಟರೆ, ದೇಹಕ್ಕೆ ತನ್ನ ಕೆಲಸ ಮರೆತುಹೋಗುತ್ತದೆಯೇ? ಪರೀಕ್ಷೆಗೆ ಬರಬಹುದು. ದಯವಿಟ್ಟು ತಿಳಿಸಿ.

ತಮ್ಮ,
ಗಾನವಿ


ಅರೇಹಳ್ಳಿ
14 ಜುಲೈ 2025

ಏನೇ ಗಾನವಿ,

'ತಾವು' ಅಂತೆ, 'ದಯವಿಟ್ಟು' ಅಂತೆ! ನಾನೇನು ತಾಲ್ಲೂಕು ಆಫೀಸಿನ ಸಾಹೇಬರೇ? ಸೊಂಟದ ಮೇಲೆ ಹೊತ್ತು ತಿರುಗಿಸಿದ ಅತ್ತೆ ಕಣೇ.

ಗುರುವಾರ ತಪಾಸಣೆಗೆ ಅಂತ ನಿಮ್ಮ ಹಾಸ್ಟೆಲಿಗೆ ಬಂದಿದ್ದೆನಲ್ಲ, ಊಟದ ಮನೆಯ ಗೋಡೆಯಲ್ಲಿ ನಮ್ಮ ಮಂಡಿ ಕ್ಯಾಲೆಂಡರು ನೋಡಿ ಹೊಟ್ಟೆ ತುಂಬಿಹೋಯಿತು. ಒಂದೇ ಕ್ಯಾಲೆಂಡರಿನಲ್ಲಿ ಎಲ್ಲರ ಹೆಸರು, ಎಲ್ಲರ ದಿನ, ಕೆಂಪು ಇಂಕಿನಲ್ಲಿ. ಎಷ್ಟು ಊರಿನಲ್ಲಿ ನಾನು ಹೇಳಿದ್ದನ್ನು ಒಬ್ಬರಾದರೂ ಹೀಗೆ ಪಾಲಿಸಿದ್ದಾರೆ? ಕಮಲಾಕ್ಷಮ್ಮನವರನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದು ಮೇಲಿನವರಿಗೆ ವರದಿಯ ಜೊತೆ ಕಳಿಸಿದ್ದೇನೆ.

ಆದರೆ ಅದೇ ಗೋಡೆಯಲ್ಲಿ ನಿನ್ನ ಹೆಸರು ಹುಡುಕಿ ಹುಡುಕಿ ಕಣ್ಣು ನೋವು ಬಂತು. ಜೂನ್ ಐದು ಆದ ಮೇಲೆ ನೀನಿಲ್ಲ. ಏನಾಯಿತು ಅಂತ ಕೇಳೋಣವೆಂದರೆ ನನ್ನ ಕಂಡ ಕೂಡಲೇ ಪುಸ್ತಕ ಎತ್ತಿಕೊಂಡು ಓಡಿದೆ. ಮುಖ ಇಷ್ಟಾಗಿದೆ. ತಿಂಡಿ ಬಿಡುತ್ತಿದ್ದೀಯ, ನಿಜ ಹೇಳು. ತೆಳ್ಳಗಾಗಬೇಕು ಅಂತ ಉಪವಾಸ ಮಾಡಿದರೆ ಮೊದಲು ಕೈಕೊಡುವುದೇ ಮುಟ್ಟು.

ಹಾರ್ಮೋನಿನ ಪ್ರಶ್ನೆ ನಿಮ್ಮ ಲೆಕ್ಚರರಿಗೆ ಕೇಳು. ಪಾಠ ಅವರದ್ದು, ಊಟದ ಪಾಠ ನನ್ನದು.

ದ್ರಾಕ್ಷಾಯಣಿ


ಹಳೇಬೀಡು
26 ಜುಲೈ 2025

ಅತ್ತೆಗೆ ನಮಸ್ಕಾರಗಳು.

ತಿಂಡಿ ತಿನ್ನುತ್ತಿದ್ದೇನೆ. ಊಟ ಮಾಡುತ್ತಿದ್ದೇನೆ. ಮಲಗುತ್ತಿದ್ದೇನೆ. ನಡೆಯುತ್ತಿದ್ದೇನೆ. ತೆಳ್ಳಗಾಗಬೇಕೆಂದು ನನಗೆ ಆಸೆ ಇಲ್ಲ.

ಲೆಕ್ಚರರ್ ಗಂಡಸರು. ಅವರನ್ನು ಕೇಳಲಿಲ್ಲ.

ಕ್ಯಾಲೆಂಡರಿನ ವಿಷಯ ಮಾತ್ರ ದಯವಿಟ್ಟು ಇನ್ನು ಕೇಳಬೇಡಿ.

ಗಾನವಿ


ಅರೇಹಳ್ಳಿ
9 ಆಗಸ್ಟ್ 2025

ಗಾನವಿ,

ಕೇಳಬೇಡಿ ಅಂದರೆ ಬಿಟ್ಟುಬಿಡುವ ಜಾತಿಯವಳಲ್ಲ ನಾನು. ಬುಧವಾರ ಹಳೇಬೀಡಿಗೆ ಬಂದಿದ್ದೆ. ನೀನು ಲ್ಯಾಬಿನಲ್ಲಿದ್ದೆಯಂತೆ. ಗೋಡೆ ನೋಡಿದೆ. ಜೂನ್ ಐದರಿಂದ ಎರಡು ತಿಂಗಳ ಮೇಲಾಯಿತು, ನಿನ್ನ ಹೆಸರಿಲ್ಲ.

ಹೇಳಿ ಹೇಳಿ ಸಾಕಾಯಿತು ನನಗೆ. ಇಡೀ ಹೋಬಳಿಯ ಹೆಣ್ಣುಮಕ್ಕಳಿಗೆ 'ನಲವತ್ತೈದು ದಿನ ದಾಟಿದರೆ ಬಂದು ತೋರಿಸಿ' ಅಂತ ಗಂಟಲು ಹರಿದುಕೊಳ್ಳುತ್ತೇನೆ. ನನ್ನ ತಮ್ಮನ ಮಗಳು ಅರವತ್ತು ದಾಟಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ. ಥೈರಾಯ್ಡ್ ಇರಬಹುದು, ಅಂಡಾಶಯದಲ್ಲಿ ನೀರುಗುಳ್ಳೆ ಇರಬಹುದು. ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ, ಹೆದರುವಂಥದ್ದೇನಿಲ್ಲ.

ಇನ್ನೊಂದು ಮಾತು. ಬರೆಯಲು ಕೈ ಬರುತ್ತಿಲ್ಲ, ಆದರೂ ಕೇಳುತ್ತೇನೆ. ಹುಡುಗ ಗಿಡುಗ ಅಂತ ಏನಾದರೂ ಇದ್ದರೆ ಈಗಲೇ ಹೇಳಿಬಿಡು. ನಾನು ಬೈಯುವುದಿಲ್ಲ. ನಿಮ್ಮಪ್ಪನಿಗೂ ಹೇಳುವುದಿಲ್ಲ. ತಡವಾದರೆ ನನ್ನ ಕೈಯಲ್ಲೂ ಏನೂ ಆಗುವುದಿಲ್ಲ.

ದ್ರಾಕ್ಷಾಯಣಿ


ಹಳೇಬೀಡು
18 ಆಗಸ್ಟ್ 2025

ನೀವು ಬರೆದದ್ದು ನನಗಿಂತ ಮೊದಲು ಬೇರೆಯವರಿಗೆ ಗೊತ್ತಾಯಿತು. ಸಂಜೆಯೊಳಗೆ ಎಲ್ಲ ರೂಮಿಗೂ ಗೊತ್ತಾಯಿತು.

ಇನ್ನು ಮುಂದೆ ನನಗೆ ಕಾಗದ ಬರೆಯಬೇಡಿ.


ಅರೇಹಳ್ಳಿ
30 ಆಗಸ್ಟ್ 2025

ಗಾನವಿ, ನಿನಗಿಂತ ಮೊದಲು ಯಾರಿಗೆ ಗೊತ್ತಾಯಿತು? ನಾನು ಅಂಟಿಸಿ ಕಳಿಸಿದ್ದೆನಲ್ಲ. ತಪ್ಪು ಕೇಳಿದ್ದರೆ ಎದುರಿಗೆ ಬಂದು ಜಗಳ ಆಡು, ಸುಮ್ಮನಿರಬೇಡ. ಒಂದು ಸಾಲು ಬರೆ.


ಹಳೇಬೀಡು
9 ಸೆಪ್ಟೆಂಬರ್ 2025

ಅತ್ತೆ,

ಇದನ್ನು ಮೇಘಶ್ರೀ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಹಾಸ್ಟೆಲಿನವಳಲ್ಲ, ಬಸ್ತಿಹಳ್ಳಿಯಿಂದ ದಿನಾ ಕಾಲೇಜಿಗೆ ಬರುವವಳು. ಬಸ್ ಸ್ಟ್ಯಾಂಡಿನ ಹತ್ತಿರ ಡಬ್ಬಕ್ಕೆ ಹಾಕುತ್ತಾಳೆ. ಫೋನು ಮಾಡಿಸೋಣ ಅಂದರೆ ನಿನ್ನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಅಪ್ಪನ ನಂಬರು ಬರುತ್ತೆ, ಅಪ್ಪನಿಗೆ ಮಾಡಿದರೆ ಕಾಲೇಜು ಮುಗಿದ ಹಾಗೆ.

ನನ್ನ ಕಾಗದಗಳನ್ನೆಲ್ಲ ಮೇಡಂ ಓದಿದ ಮೇಲೇ ಕಳಿಸುವುದು. ನಿನ್ನದೂ ಒಡೆದೇ ನನ್ನ ಕೈಗೆ ಬರುತ್ತಿತ್ತು. ಅದಕ್ಕೇ 'ತಾವು, ತಮ್ಮ' ಅಂತೆಲ್ಲ ಬರೆದಿದ್ದು. ಹುಡುಗನ ವಿಷಯ ನೀನು ಬರೆದೆಯಲ್ಲ, ಅದನ್ನೂ ಅವರೇ ಮೊದಲು ಓದಿದ್ದು.

ಈಗ ನಿನ್ನ ಕ್ಯಾಲೆಂಡರಿನ ಕತೆ ಕೇಳು. ನಲವತ್ತೆರಡರಲ್ಲಿ ಒಂದನ್ನು ಗೋಡೆಗೆ ಹಾಕಿ ನಲವತ್ತೊಂದನ್ನು ಮೇಡಂ ಬೀರುವಿನಲ್ಲಿಟ್ಟಿದ್ದಾರೆ. ಮುಟ್ಟಾದವಳು ಗೋಡೆಯ ಮೇಲೆ ಹೆಸರು ಬರೆಯಬೇಕು. ಬರೆದ ದಿನದಿಂದ ಐದು ದಿನ ಪ್ರಾರ್ಥನೆ ಹಾಲಿಗೆ ಬರುವಂತಿಲ್ಲ, ಊಟದ ಮನೆಯೊಳಗೆ ಕೂರುವಂತಿಲ್ಲ. ಅಡುಗೆಯ ಜವರಪ್ಪ ಬೆಳಿಗ್ಗೆ ಕ್ಯಾಲೆಂಡರು ನೋಡಿ, ಎಷ್ಟು ಹೆಸರಿದೆಯೋ ಅಷ್ಟು ತಟ್ಟೆ ವರಾಂಡದಲ್ಲಿಡುತ್ತಾನೆ. ಒಳಗಿನವರದ್ದೆಲ್ಲ ಮುಗಿದ ಮೇಲೆ ನಮಗೆ. ಮುದ್ದೆ ಆರಿ ಕಲ್ಲಾಗಿರುತ್ತೆ, ಸೊಪ್ಪಿನ ಸಾರು ತಳದಲ್ಲಿ ಇದ್ದರೆ ಉಂಟು. ಕಾಲೇಜಿನ ಹುಡುಗರು ಆಟದ ಮೈದಾನಕ್ಕೆ ಹೋಗುವುದು ಆ ವರಾಂಡದ ಮುಂದೆಯೇ. ತಟ್ಟೆ ಎಣಿಸಿ ನಗುತ್ತಾರೆ. ಮೊದಲೂ ಹೊರಗೆ ಕೂರಿಸುತ್ತಿದ್ದರಂತೆ, ಆದರೆ ಹೇಳದೆ ಮುಚ್ಚಿಟ್ಟರೆ ನಡೆಯುತ್ತಿತ್ತು. ಈಗ ಹೆಸರು ಬಂದಿಲ್ಲವೆಂದರೆ ಯಾಕೆ ಬಂದಿಲ್ಲ ಅಂತ ಮೇಡಂ ಕೇಳುತ್ತಾರೆ. ಲೆಕ್ಕ ಇಡುವುದು ನೀನು ಕಲಿಸಿದ್ದು.

ಜೂನ್ ಐದಕ್ಕೆ ನಾನೂ ಅಲ್ಲಿ ಕೂತಿದ್ದೆ. ಆಮೇಲೆ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಶುರು ಮಾಡಿದೆ. ಮೇಘಶ್ರೀ ಮೆಡಿಕಲ್ಲಿನಿಂದ ತಂದುಕೊಟ್ಟಳು. ಅವಳನ್ನು ಬೈಬೇಡ, ಅವರ ಮನೆಯಲ್ಲಿ ಪೂಜೆ ಬಂದರೆ ಎಲ್ಲರೂ ನುಂಗುತ್ತಾರಂತೆ, ಅವಳಿಗೆ ಅದು ತಲೆನೋವಿನ ಮಾತ್ರೆ ಇದ್ದ ಹಾಗೆ. ನಾನು ಎರಡು ತಿಂಗಳ ಮೇಲೆ ಬಿಡದೆ ನುಂಗಿದೆ. ನಿನ್ನನ್ನು ಕೇಳಿದ್ದೆ ಅತ್ತೆ. ಹಾರ್ಮೋನಿನ ಪಾಠ ಅಂತ ಕೇಳಿದ್ದೆ. ನೀನು ಲೆಕ್ಚರರನ್ನು ಕೇಳು ಅಂದೆ.

ನಿನ್ನ ಆ ಕಾಗದ ಬಂದ ಮೇಲೆ ಮೇಡಂ ಟ್ರಂಕು ತಪಾಸಣೆ ಮಾಡುತ್ತಾರೆಂದು ಹೆದರಿ ಮಾತ್ರೆ ಎಸೆದೆ. ಒಂದನೇ ತಾರೀಖು ಶುರುವಾಯಿತು. ಇವತ್ತು ಒಂಬತ್ತನೇ ದಿನ. ಗಂಟೆಗೊಂದು ಪ್ಯಾಡು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ನನಗೆ ಭಯ ಆಗುತ್ತಿದೆ. ಬೈದರೂ ಪರವಾಗಿಲ್ಲ, ಬಾ.

ಗಾನವಿ


ಅರೇಹಳ್ಳಿ
24 ಸೆಪ್ಟೆಂಬರ್ 2025

ಗಾನವಿ,

ಅರಸೀಕೆರೆ ಮನೆಗೆ ಹೋದಾಗಿನಿಂದ ನೀನು ನನ್ನ ಫೋನಿಗೆ ಬರುತ್ತಿಲ್ಲ. ಪ್ರತಿಮಾ 'ಮಲಗವಳೆ' ಅನ್ನುತ್ತಾಳೆ, ಹಿಂದೆ ನಿನ್ನ ದನಿ ಕೇಳಿಸುತ್ತಿರುತ್ತೆ. ಸರಿ, ಕಾಗದವೇ ಇರಲಿ.

ಹನ್ನೆರಡನೇ ತಾರೀಖು ನಿನ್ನದು ಕೈಗೆ ಬಂತು. ಬೇಲೂರಿನ ತನಕ ಬಸ್ಸಿನಲ್ಲಿ ನಿಂತು ಬಂದೆ. ಅಲ್ಲಿಂದ ಹಳೇಬೀಡಿಗೆ ಸಿಕ್ಕಿದ ಟೆಂಪೋ ಹತ್ತಿದೆ. ನಿನ್ನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದದ್ದು, ರಕ್ತ ಆರು ಪಾಯಿಂಟ್ ಎಂಟು ಅಂದದ್ದು, ಹಾಸನದಲ್ಲಿ ಎರಡು ಬಾಟಲಿ ಹಾಕಿದ್ದು, ಇದೆಲ್ಲ ನಿನಗೆ ಅರ್ಧಂಬರ್ಧ ನೆನಪಿರಬಹುದು. ನನಗೆ ಪೂರ್ತಿ ನೆನಪಿದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿ, ಮನೆಯ ಮಗುವಿನ ಕೈ ಹಿಡಿದುಕೊಂಡು ಬೆವರಿದೆ.

ಮರುದಿನ ಕಮಲಾಕ್ಷಮ್ಮನ ಹತ್ತಿರ ಹೋಗಿ ಆ ಕ್ಯಾಲೆಂಡರನ್ನು ನಾನೇ ಕಿತ್ತೆ. ಆಕೆ ಕೂಗಾಡಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. "ನೀವೇ ತಾನೇ ಕಣ್ರೀ ಬರ್ದಿಡ್ಸಿ ಅಂದಿದ್ದು? ಒಬ್ಬೊಬ್ಬರಿಗೆ ಕೊಟ್ರೆ ಕಳ್ಕೊಂತವೆ ಅಂತ ಒಂದೇ ಕಡೆ ಹಾಕ್ದೆ. ಯಾರು ಹೊರಗಡೆ ಅಂತ ನಂಗೂ ಗೊತ್ತಾಗ್ತೈತೆ. ನೀವೇ ನೋಡ್ಕಂಡು, ಫೋಟೋ ತಗಂಡು, ಚೆನ್ನಾಗೈತೆ ಅಂದ್ರಲ್ಲ?" ಅಂದರು. ನಾನು ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂತ ನಿನಗೆ ಹೇಳಲೇಬೇಕು. ಜುಲೈನಲ್ಲಿ ಫೋಟೋ ತೆಗೆದ ದಿನ ವರಾಂಡದಲ್ಲಿ ಏಳು ತಟ್ಟೆ ಇದ್ದದ್ದನ್ನು ನಾನು ನೋಡಿದ್ದೆ. ಗೋಡೆಯ ಮೇಲೆ ಆ ಐದು ದಿನದಲ್ಲಿ ಏಳು ಹೆಸರಿದ್ದದ್ದನ್ನೂ ನೋಡಿದ್ದೆ. ಕೂಡಿಸಿ ನೋಡಲು ಎರಡು ನಿಮಿಷ ಬೇಡ. ಕೇಳಿದ್ದರೆ ನನ್ನ ಫೋಟೋ ಕೆಡುತ್ತಿತ್ತು, ವರದಿ ಕೆಡುತ್ತಿತ್ತು. ಕೇಳಲಿಲ್ಲ. ನಿನಗೆ ಕಾಗದದಲ್ಲಿ ಅದನ್ನು ಬರೆಯಲೂ ಇಲ್ಲ. ನಿನ್ನ ಊಟ ಸರಿಯಿಲ್ಲ, ನಿದ್ದೆ ಸರಿಯಿಲ್ಲ, ನಡತೆ ಸರಿಯಿಲ್ಲ ಅಂತ ಹುಡುಕುತ್ತಾ ಹೋದೆ.

ತಪ್ಪು ನನ್ನದು ಮಗಾ.

ದ್ರಾಕ್ಷಾಯಣಿ


ಅರಸೀಕೆರೆ
2 ಅಕ್ಟೋಬರ್ 2025

ಅತ್ತೆ,

ನನಗೆ ಸಿಟ್ಟು ಹೋಗಿಲ್ಲ. ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ತಟ್ಟೆಗಿಂತ, ಮಾತ್ರೆಗಿಂತ, ನೀನು ಹುಡುಗ ಇದ್ದಾನಾ ಅಂತ ಕೇಳಿದ್ದೇ ಹೆಚ್ಚು ನೋವು.

ಅಪ್ಪ ಟಿಸಿ ತರುತ್ತೇನೆ ಅನ್ನುತ್ತಿದ್ದಾರೆ. "ಓದು ಎಲ್ಲಿ ಬೇಕಾದ್ರೂ ಓದಬೌದು, ಜೀವ ಎಲ್ಲಿಂದ ತರಾದು?" ಅಂತ ಮಂಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಪರೀಕ್ಷೆಗೆ ಐದು ತಿಂಗಳಿದೆ. ಈಗ ಕಾಲೇಜು ಬದಲಾಯಿಸಿದರೆ ನನ್ನ ನರ್ಸಿಂಗ್ ಸೀಟು ಕನಸೇ. ಹೌದು, ನರ್ಸಿಂಗ್. ನಿನಗೆ ಹೇಳಿರಲಿಲ್ಲ.

ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ಬಿಲ್ವಪತ್ರೆ ಬಿಡಿಸುತ್ತಿದ್ದಳು. ಪೂರ್ತಿ ಕೇಳಿ, "ಕೊರಳಾಗೆ ಲಿಂಗ ಐತೆ, ನಮಗ್ಯಾತರ ಸೂತಕ? ನಾನು ಮುಟ್ಟಾದಾಗ್ಲೂ ಒಂದಿನ ಪೂಜೆ ಬಿಟ್ಟೋಳಲ್ಲ. ನಿಮ್ಮತ್ತೆಗೂ ಹಂಗೇ ಕಲ್ಸಿದ್ದೆ, ಮರ್ತವ್ಳೆ" ಅಂದಳು. ಅಮ್ಮ ಕೇಳಿಸಿಯೂ ಕೇಳಿಸದವಳ ಹಾಗೆ ಒಳಗೆ ಹೋದಳು. ಮರೆತಿದ್ದೀಯಾ ಅತ್ತೆ?

ರಕ್ತ ನಿಲ್ಲಿಸಲು ಹಾಸನದಲ್ಲಿ ಕೊಟ್ಟ ಔಷಧಿ ಈ ವಾರ ಮುಗಿಯುತ್ತೆ. ಅದು ಬಿಟ್ಟ ಮೇಲೆ ಆಗುವ ಮುಟ್ಟು ಔಷಧಿಯದು, ಲೆಕ್ಕಕ್ಕಿಲ್ಲ, ಅದರ ಮುಂದಿನದು ತಾನಾಗಿ ಬರಬೇಕು ಅಂದಿದ್ದಾರೆ ಡಾಕ್ಟರು. ಬರುತ್ತೋ ಇಲ್ಲವೋ ಗೊತ್ತಿಲ್ಲ. ನೀನು ಬಂದು ಅಪ್ಪನಿಗೆ ಹೇಳು. ನನ್ನನ್ನು ವಾಪಸ್ ಕಳಿಸಲಿ.

ಗಾನವಿ


ಅರೇಹಳ್ಳಿ
27 ಅಕ್ಟೋಬರ್ 2025

ಗಾನವಿ,

ಇದನ್ನು ಮೇಘಶ್ರೀ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮ್ಮಪ್ಪ ಒಪ್ಪಿದ್ದು ನನ್ನ ಮಾತಿಗಲ್ಲ, ಅಜ್ಜಿ ಊಟ ಬಿಟ್ಟು ಕೂತಿದ್ದಕ್ಕೆ. ಅದೂ ಒಂದು ಷರತ್ತಿನ ಮೇಲೆ: ಇನ್ನೊಂದು ಸಲ ಏನಾದರೂ ಆದರೆ ಟಿಸಿ.

ನಾನು ಮೇಲಿನವರಿಗೆ ಎರಡು ಪುಟ ಬರೆದಿದ್ದೆ. ತಟ್ಟೆ, ವರಾಂಡ, ಮಾತ್ರೆ, ನಿನ್ನ ರಕ್ತ, ನನ್ನ ತಪ್ಪು, ಒಂದನ್ನೂ ಬಿಟ್ಟಿರಲಿಲ್ಲ. ಶುಕ್ರವಾರ ಉತ್ತರ ಬಂತು. ಅವರು ನೋಡಿದ್ದು ಜುಲೈನ ವರದಿ. 'ಸದರಿ ಕ್ಯಾಲೆಂಡರ್ ಕ್ರಮವು ಮಾದರಿಯಾಗಿದ್ದು, ಉಳಿದ ವಿದ್ಯಾರ್ಥಿನಿಲಯಗಳಲ್ಲಿಯೂ ಅಳವಡಿಸಿ ಫೋಟೋ ಸಹಿತ ವರದಿ ಮಾಡುವುದು.' ನನಗೆ ಅಭಿನಂದನೆ ಬೇರೆ. ಎರಡು ಪುಟದ ವಿಷಯ ವಿಚಾರಿಸಿದರೆ, ಸೂಕ್ತ ಕ್ರಮಕ್ಕೆ ಅಂತ ಕಮಲಾಕ್ಷಮ್ಮನವರಿಗೇ ಕಳಿಸಿದ್ದಾರಂತೆ! ಆ ಉತ್ತರ ಹಿಡಿದುಕೊಂಡು ನಗಬೇಕೋ, ಹರಿದುಹಾಕಬೇಕೋ ತಿಳಿಯದೆ ಒಂದು ಗಂಟೆ ಕೂತಿದ್ದೆ. ಗೋಡೆಗೆ ಹೊಸ ಕ್ಯಾಲೆಂಡರು ಬಂದಿದೆ ಅಂತಲೂ ಗೊತ್ತಾಯಿತು. ಬೀರುವಿನಲ್ಲಿ ನಲವತ್ತೊಂದು ಇದ್ದವಲ್ಲ.

ನನ್ನ ಕೈ ಸೋತಿದೆ ಕಣೇ. ಒಂದೇ ಮಾತು ಕೇಳು. ಆ ಮಾತ್ರೆ ಮಾತ್ರ ಮುಟ್ಟಬೇಡ. ವರಾಂಡದಲ್ಲಿ ಕೂರಿಸಿದರೆ ಕೂರು, ಆರಿದ ಮುದ್ದೆಯಾದರೂ ಹೊಟ್ಟೆ ತುಂಬ ತಿನ್ನು. ಮಾರ್ಚ್ ತನಕ ತಾನೆ. ಸಹಿಸಿಕೋ ಅಂತ ಹೇಳಲು ನನಗೇ ನಾಚಿಕೆ, ಆದರೂ ಹೇಳುತ್ತಿದ್ದೇನೆ.

ದ್ರಾಕ್ಷಾಯಣಿ


ಹಳೇಬೀಡು
13 ನವೆಂಬರ್ 2025

ಅತ್ತೆ,

ಇದನ್ನು ಹಾಸ್ಟೆಲಿನ ಡಬ್ಬಕ್ಕೇ ಹಾಕುತ್ತಿದ್ದೇನೆ. ಮೇಡಂ, ನೀವು ಮೊದಲು ಓದುತ್ತೀರಿ ಅಂತ ಗೊತ್ತು. ಓದಿ. ನಡೆದದ್ದನ್ನೇ ಬರೆದಿದ್ದೇನೆ.

ಮಂಗಳವಾರ ಬೆಳಿಗ್ಗೆ ಎದ್ದಾಗ ಗೊತ್ತಾಯಿತು. ಮೊದಲು ಟ್ರಂಕು ತೆಗೆದು ನನ್ನದೇ ಕ್ಯಾಲೆಂಡರಿಗೆ ಸುತ್ತು ಹಾಕಿದೆ. ಅದನ್ನು ಅಪ್ಪನ ಮಂಡಿಯಿಂದ ತಂದಿದ್ದೇನೆ. ಆಮೇಲೆ ಊಟದ ಮನೆಗೆ ಹೋಗಿ ಗೋಡೆಯ ಮೇಲೂ ಹೆಸರು ಬರೆದೆ. ಆಮೇಲೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪ್ರಾರ್ಥನೆ ಹಾಲಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಮೇಡಂ ಬಂದವರು, "ಏಯ್ ಗಾನವಿ, ಗೋಡೆ ಮೇಲೆ ನೀನೇ ಬರ್ದಿದೀಯ, ಇಲ್ಲಿ ಬಂದು ಕೂತಿದೀಯಲ್ಲ?" ಅಂದರು.

"ಬರೆದಿದ್ದೀನಿ ಮೇಡಂ. ಬರೆಯೋದು ಡಾಕ್ಟರಿಗೆ ತೋರಿಸೋಕೆ. ಎದ್ದು ಹೋಗೋಕಲ್ಲ."

ನೀನು ಏಳುವ ತನಕ ಪ್ರಾರ್ಥನೆ ಇಲ್ಲ ಅಂದರು. ನಾನು ಏಳಲಿಲ್ಲ. ಹುಡುಗಿಯರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ವರಾಂಡದಲ್ಲಿ ನಿಂತಿದ್ದ ಇಬ್ಬರು ಒಳಗೆ ಬಂದು ನನ್ನ ಹಿಂದೆ ಕೂತರು. ಕಾಲೇಜಿನ ಬೆಲ್ ಹೊಡೆಯುವ ತನಕ ಎಲ್ಲರೂ ಹಾಗೇ ಕೂತಿದ್ದೆವು. ಪ್ರಾರ್ಥನೆ ಆಗಲೇ ಇಲ್ಲ.

ಮಧ್ಯಾಹ್ನ ಜವರಪ್ಪ ಕ್ಯಾಲೆಂಡರು ನೋಡಿ ಎಂದಿನಂತೆ ಮೂರು ತಟ್ಟೆ ವರಾಂಡದಲ್ಲಿಟ್ಟಿದ್ದ. ನಾವು ಮೂವರೂ ಒಳಗೆ ಕೂತಿದ್ದೆವು, ಎದುರಿಗೆ ತಟ್ಟೆ ಇಲ್ಲ. ಸ್ವಲ್ಪ ಹೊತ್ತು ಮೇಡಂ ಮುಖ ನೋಡಿದ, ನಮ್ಮ ಮುಖ ನೋಡಿದ. ಆಮೇಲೆ ಹೊರಗೆ ಹೋಗಿ ತಟ್ಟೆಗಳನ್ನು ತಂದು ನಮ್ಮ ಮುಂದಿಟ್ಟ. "ಮುದ್ದೆ ಆರೋಯ್ತದೆ, ಉಣ್ರವ್ವ" ಅಂದ.

ಮೇಡಂ ಅಪ್ಪನಿಗೆ ಫೋನು ಮಾಡಿದ್ದಾರೆ. ಭಾನುವಾರ ಅಪ್ಪ ಬರುತ್ತಾರೆ. ಟಿಸಿ ಕೊಡಿಸುತ್ತಾರೋ ಏನೋ, ಗೊತ್ತಿಲ್ಲ. ಸಹಿಸಿಕೋ ಅಂದೆಯಲ್ಲ, ಅದು ನನ್ನಿಂದ ಆಗಲಿಲ್ಲ. ಭಾನುವಾರ ನೀನೂ ಬಾ. ಅಜ್ಜಿಯನ್ನೂ ಕರೆದುಕೊಂಡು ಬಾ. ಈ ಸಲ ವರಾಂಡ ನೋಡಿ ಸುಮ್ಮನೆ ಹೋಗಬೇಡ.

ನಿನ್ನ ಪುಸ್ತಕದಲ್ಲಿ ಬರೆದುಕೋ. ನವೆಂಬರ್ ಹನ್ನೊಂದು, ಔಷಧಿಯ ಮುಟ್ಟಿನಿಂದ ಮೂವತ್ನಾಲ್ಕನೇ ದಿನ. ಯಾವ ಮಾತ್ರೆಯೂ ಇಲ್ಲದೆ, ತಾನಾಗಿಯೇ ಬಂತು.

ಗಾನವಿ